ರಾಯಚೂರು ಶಾಲೆಗಳ ಎರಡು ಹೊಸ್ತಿಲುಗಳು

ರಾಯಚೂರು ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮಾನ್ವಿ, ದೇವದುರ್ಗ, ಮಲ್ಲಟದ ಜನರ ಮನೆಮಾತು ಕನ್ನಡ. ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಇಂಗ್ಲಿಷನ್ನು ಬಿಟ್ಟು ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ನೀಡಿದ ಆ ಪ್ರಯೋಗ ಮಹತ್ವದ್ದೇ. ಆದರೆ ಕನ್ನಡದ ಮಗು ಮೇಲಿನ ಓದಿಗೆ ಹೋಗಲು ಇನ್ನೊಂದು ಭಾಷೆಯ ಹೊಸ್ತಿಲು ದಾಟಬೇಕಿತ್ತು.

ಇಂಥ ಕಾಲದಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಶಾಲೆಯೊಂದನ್ನು ಕಟ್ಟಿದರು. ಅದಕ್ಕಿಟ್ಟ ಹೆಸರು ಮಾತ್ರ ಉರ್ದುವಿನದೇ: ಹಮ್‌ದರ್ದ್, ಅಂದರೆ ನೋವಿನಲ್ಲಿ ಜೊತೆಯಾಗುವವನು. ಜನರ ಕೊರಗು ಉರ್ದುವಿನ ಮೇಲಲ್ಲ, ತಮ್ಮ ನುಡಿಗೆ ಜಾಗವಿಲ್ಲದ್ದರ ಬಗ್ಗೆ ಎಂಬುದನ್ನು ಇಲ್ಲಿ ಗಮನಿಸಬೇಕು.

1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಸರ್ಕಾರಿ ಶಾಲೆಗಳಲ್ಲಿ ಕನ್ನಡ ನೆಲೆಯೂರಿತು. ಆದರೂ 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿದ್ದರೆ ಜಿಲ್ಲೆಯದು ಶೇ. 60ನ್ನೂ ಮುಟ್ಟಲಿಲ್ಲ, ಮಹಿಳೆಯರಲ್ಲಿ ಅರ್ಧದಷ್ಟೂ ಇರಲಿಲ್ಲ. ಬಡತನ, ಗುಳೆ, ಹೊಲದ ಕೂಲಿ ಎರಡನೆಯ ಹೊಸ್ತಿಲಾದವು.

2012ರ ತಿದ್ದುಪಡಿಯಿಂದ ಬಂದ 371ಜೆ ವಿಧಿ ಈ ಭಾಗಕ್ಕೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿ ಕೊಟ್ಟಿದೆ. ಅದರ ಫಲ ಸಿಗುವುದು ಶಾಲೆ ಮುಗಿಸಿದವರಿಗೆ. ನಡುವೆಯೇ ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋದ ಹುಡುಗಿಗೆ ಆ ಬಾಗಿಲು ಇನ್ನೂ ದೂರ.