ಹಿಮದ ಹರಳು ಹಿಡಿದ ರೈತ

ಕೈಗೆ ಬಿದ್ದ ಕ್ಷಣವೇ ಕರಗುವ ಹಿಮದ ಹರಳಿನ ಚಿತ್ರ ತೆಗೆಯುವುದು ಹೇಗೆ? ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೋ ಎಂಬ ಊರಿನ ರೈತನ ಮಗ ವಿಲ್ಸನ್ ಬೆಂಟ್ಲಿಯನ್ನು ಹದಿಹರೆಯದಲ್ಲೇ ಕಾಡಿದ ಪ್ರಶ್ನೆ ಇದು. ತಾಯಿ ಕೊಟ್ಟ ಸೂಕ್ಷ್ಮದರ್ಶಕದಲ್ಲಿ ಹರಳಿನ ಸೊಬಗು ಕಂಡ ಆತ ಅದನ್ನು ಕಾಗದದ ಮೇಲೆ ಬಿಡಿಸತೊಡಗಿದ. ಚಿತ್ರ ಮುಗಿಯುವ ಮೊದಲೇ ಹರಳು ನೀರಾಗುತ್ತಿತ್ತು.

ಕೊನೆಗೆ ಸೂಕ್ಷ್ಮದರ್ಶಕಕ್ಕೇ ಕ್ಯಾಮೆರಾ ಜೋಡಿಸಿದ. ಮೈ ಕೊರೆಯುವ ಚಳಿಯ ಶೆಡ್ಡೇ ಅವನ ಸ್ಟುಡಿಯೊ. ಬೀಳುವ ಹಿಮವನ್ನು ಕಪ್ಪು ಹಲಗೆಯ ಮೇಲೆ ಹಿಡಿದು, ಉಸಿರಿನ ಬಿಸಿ ತಾಗದಂತೆ ಒಂದು ಹರಳನ್ನು ಗಾಜಿನ ಮೇಲಿಟ್ಟು, ಹಕ್ಕಿಯ ಗರಿಯಿಂದ ಮೆಲ್ಲನೆ ಒತ್ತುತ್ತಿದ್ದ. ಹಲವು ಸೋಲುಗಳ ನಂತರ 1885ರ ಜನವರಿ 15ರಂದು ಮೊದಲ ಚಿತ್ರ ಮೂಡಿತು. ಆಗ ಅವನಿಗೆ 19 ವರ್ಷ.

ಬೇಸಾಯ ಬಿಡದೆ, ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬೆಂಟ್ಲಿ ಚಳಿಗಾಲಕ್ಕಾಗಿ ಕಾದ. 5000ಕ್ಕೂ ಹೆಚ್ಚು ಚಿತ್ರ ತೆಗೆದ. ಒಂದರಂತೆ ಇನ್ನೊಂದು ಹರಳು ಅವನಿಗೆ ಕಾಣಲಿಲ್ಲ. 1931ರಲ್ಲಿ ಆ ಚಿತ್ರಗಳ ಪುಸ್ತಕ ಹೊರಬಂತು. ಅದೇ ಡಿಸೆಂಬರ್‌ನಲ್ಲಿ, ಹಿಮಗಾಳಿಯಲ್ಲಿ ನಡೆದು ಮನೆ ಸೇರಿದವನು ನ್ಯುಮೋನಿಯಾದಿಂದ ತೀರಿಕೊಂಡ.

ಸೊಬಗು ಹುಡುಕಿ ಆತ ದೂರ ಹೋದವನಲ್ಲ. ಅಂಗಳದಲ್ಲಿ ಬಿದ್ದು ಕರಗಿಹೋಗುತ್ತಿದ್ದುದನ್ನೇ ನಮಗಾಗಿ ಉಳಿಸಿಕೊಟ್ಟ.