ಒಡೆದ ಹಡಗು, ಒಡೆಯದ ಗಾಜು

ಇಂಗ್ಲೆಂಡಿನ ನೈಋತ್ಯ ತುದಿಯಾಚೆ ಸಮುದ್ರದಲ್ಲಿ ಸಿಲ್ಲಿ ಎಂಬ ಸಣ್ಣ ದ್ವೀಪಗಳಿವೆ. ಸುತ್ತಲೂ ಬಂಡೆಗಳು. ಸರಕು ಹೊತ್ತು ಬಂದ ಎಷ್ಟೋ ಹಡಗುಗಳು ಅಲ್ಲಿ ಬಡಿದು ಒಡೆದಿವೆ.

ಅಲ್ಲಿನ ಜಾನ್ ಗಿಬ್ಸನ್ 1860ರ ದಶಕದಲ್ಲೇ ಕ್ಯಾಮೆರಾ ಹಿಡಿದವರು. ನಮ್ಮ ಹಾಗೆ ಊರಿನಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದವರೂ ಹೌದು. 1875ರಲ್ಲಿ ಜರ್ಮನಿಯ ಷಿಲ್ಲರ್ ಹಡಗು ಮುಳುಗಿ 300ಕ್ಕೂ ಹೆಚ್ಚು ಜನ ಸತ್ತಾಗ ತಂದೆ ವರದಿ ಬರೆದರು, ಮಗ ತಂತಿಯಲ್ಲಿ ಕಳಿಸಿದರು.

ಆಗ ಫಿಲ್ಮ್ ಇರಲಿಲ್ಲ. ಗಾಜಿಗೆ ರಾಸಾಯನಿಕ ಬಳಿದು, ಅದು ಒಣಗುವ ಮೊದಲೇ ಫೋಟೊ ತೆಗೆದು ತೊಳೆಯಬೇಕಿತ್ತು. ಅದಕ್ಕೆ ಬೇಕಾದ ಸಾಮಾನನ್ನೆಲ್ಲ ಕೈಗಾಡಿಯಲ್ಲಿ ಒಯ್ಯುತ್ತಿದ್ದರು. ಮಕ್ಕಳಾದ ಅಲೆಕ್ಸಾಂಡರ್, ಹರ್ಬರ್ಟ್ ಕೆಲಸ ಕಲಿತರು. ಹೀಗೆ ನಾಲ್ಕು ತಲೆಮಾರು ಒಡೆದ ಹಡಗುಗಳ ಚಿತ್ರ ತೆಗೆಯಿತು. ಅಣ್ಣತಮ್ಮಂದಿರು ಹಡಗುಗಳ ವಿವರವನ್ನು ಪುಸ್ತಕದಲ್ಲಿ ಬರೆದೂ ಇಟ್ಟರು.

2013ರಲ್ಲಿ ಈ ಸಂಗ್ರಹ ಲಂಡನ್ನಿನಲ್ಲಿ ಹರಾಜಿಗೆ ಬಂತು. ಯಾರದೋ ಖಾಸಗಿ ಕಪಾಟು ಸೇರಬಹುದಿತ್ತು. ಗ್ರೀನಿಚ್‌ನ ವಸ್ತುಸಂಗ್ರಹಾಲಯ 1,22,500 ಪೌಂಡ್ ಕೊಟ್ಟು, 1,360ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಪುಸ್ತಕದ ಸಮೇತ ಕೊಂಡಿತು. ಅವುಗಳನ್ನು ಸಂರಕ್ಷಿಸಿ ಡಿಜಿಟಲ್ ರೂಪಕ್ಕೆ ತರುವ ಕೆಲಸಕ್ಕೂ ಕೈಹಾಕಿತು.

ಆ ಪುಸ್ತಕ ಇರದಿದ್ದರೆ ಎಷ್ಟೋ ಗಾಜುಗಳಲ್ಲಿ ಬರೀ ಮುರಿದ ಮರ ಕಾಣುತ್ತಿತ್ತು. ಹೆಸರು, ತಾರೀಖು ಇದ್ದದ್ದಕ್ಕೆ ಅವು ಇತಿಹಾಸವಾದವು.

ನಮ್ಮ ಮನೆಗಳ ಟ್ರಂಕುಗಳಲ್ಲೂ ಹಳೇ ಫೋಟೊಗಳಿವೆ. ಅದರಲ್ಲಿರುವವರು ಯಾರೆಂದು ಬಲ್ಲ ಹಿರಿಯರು ಇರುವಾಗಲೇ ಕೇಳಿ, ಹಿಂಬದಿಗೆ ಪೆನ್ಸಿಲ್‌ನಲ್ಲಿ ಮೆಲ್ಲಗೆ ಬರೆದಿಡೋಣ.