ತಂತಿ ಮೀಟಿದವರ ಬದುಕು

ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಹುಬ್ಬಳ್ಳಿಯಿಂದ ಯಲ್ಲಾಪುರದ ಮೇಲೆ ಶಿರಸಿಗೆ ಹೊರಟಿದ್ದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಒಂದು ತಂಬೂರಿ ಕೂತಿತ್ತು. ಹಳೆಯ ದುಪ್ಪಟಿಯಲ್ಲಿ ಸುತ್ತಿ, ಬುರುಡೆಯ ಕೆಳಗೆ ದಿಂಬು ಇಟ್ಟಿದ್ದರು. ಅದರ ಯಜಮಾನರು, ಅಡಿಕೆ ತೋಟದ ಕಡೆಯ ಹೆಗಡೆಯವರೊಬ್ಬರು, ಅದಕ್ಕೂ ಒಂದು ಟಿಕೆಟ್ ತೆಗೆಸಿದ್ದರು. "ಅರ್ಧ ಟಿಕೆಟ್ಟೋ, ಫುಲ್ಲೋ?" ಎಂದು ಕಂಡಕ್ಟರ್ ತಮಾಷೆ ಮಾಡಿದ. "ಫುಲ್ಲೇ ಕೊಡಪ್ಪ, ನನಗಿಂತ ಹಿರಿಯದು. ಮೀರಜದಲ್ಲಿ ಹುಟ್ಟಿದ್ದು" ಎಂದರು ಅವರು. ಬಸ್ಸು ನಕ್ಕಿತು. ನಾನು ಮಾತ್ರ ಆ ದುಪ್ಪಟಿಯ ಗಂಟನ್ನೇ ನೋಡುತ್ತಿದ್ದೆ. ಉರ್ದು ಶಾಲೆಯಲ್ಲಿ ಓದಿ ಬಂದಿದ್ದ ನನಗೆ ಹಿಂದೂಸ್ತಾನಿ ಸಂಗೀತವೆಂದರೆ ಬೆಳಿಗ್ಗೆ ಪಕ್ಕದ ಮನೆಯ ರೇಡಿಯೋದಿಂದ ಕೇಳಿಬರುವ ಒಂದು ಝೇಂಕಾರವಷ್ಟೇ ಆಗಿತ್ತು.

ಮೀರಜ ಎಂಬ ಹೆಸರು ಆಮೇಲೆ ನನ್ನ ಬೆನ್ನು ಬಿಡಲಿಲ್ಲ. ಪಟವರ್ಧನ ಸಂಸ್ಥಾನಿಕರ ಆ ಊರಿನಲ್ಲಿ ಕತ್ತಿ ಗುರಾಣಿಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮುಸ್ಲಿಂ ಮನೆತನಗಳಿದ್ದವು. ಬ್ರಿಟಿಷರ ಆಳ್ವಿಕೆ ಗಟ್ಟಿಯಾಗುತ್ತಾ ಬಂದಂತೆ ಆಯುಧಗಳಿಗೆ ಕೆಲಸ ಕಡಿಮೆಯಾಯಿತು. 19ನೆಯ ಶತಮಾನದ ನಡುವಿನ ಹೊತ್ತಿಗೆ ಆ ಮನೆತನದ ಫರೀದ್ ಸಾಹೇಬರು ವಾದ್ಯ ರಿಪೇರಿಗೆ ಕೈ ಹಾಕಿ, ಮುಂದೆ ಸಿತಾರ್, ತಂಬೂರಿಗಳನ್ನು ತಾವೇ ಕಟ್ಟತೊಡಗಿದರು. ಪಂಢರಪುರದ ಕಡೆ ಬೆಳೆಯುವ ದಪ್ಪ ಸೋರೆಬುರುಡೆಗಳು ಅವರಿಗೆ ಒದಗಿದವು. ಮನೆತನದ ಅಡ್ಡಹೆಸರೇ 'ಸಿತಾರ್‌ಮೇಕರ್' ಎಂದಾಯಿತು. ಖಡ್ಗ ಹಿಡಿದ ಕೈಗಳು ತಂತಿ ಬಿಗಿಯುವ ಕೈಗಳಾದದ್ದನ್ನು ಕತೆಯಾಗಿ ಬರೆದರೆ ಸಂಪಾದಕರು ಕೃತಕವೆಂದು ಹಿಂದಿರುಗಿಸಿಯಾರು. ಆದರೆ ಅದು ನಡೆದ ಸಂಗತಿ.

ಘಟ್ಟದ ಮೇಲಿನ ನಮ್ಮ ಶಿರಸಿ, ಸಿದ್ಧಾಪುರ, ಯಲ್ಲಾಪುರಗಳಿಗೆ ಈ ಸಂಗೀತ ಬಂದದ್ದಾದರೂ ಹೇಗೆ? ಅದರ ಹಿಂದೆ ಒಂದು ಆಡಳಿತಾತ್ಮಕ ಕಾರಣವಿದೆ. 1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗವನ್ನು ಮದ್ರಾಸು ಪ್ರಾಂತ್ಯದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. ಅಲ್ಲಿಂದ 1956ರವರೆಗೆ ನಮ್ಮ ಕೋರ್ಟು, ಕಚೇರಿ, ಪರೀಕ್ಷೆ, ವ್ಯಾಪಾರ ಎಲ್ಲದರ ಮುಖ ಧಾರವಾಡ, ಬೆಳಗಾವಿ, ಮುಂಬಯಿಯ ಕಡೆಗಿತ್ತು. ಮಂಗಳೂರಿನ ಕಡೆ ಕರ್ನಾಟಕ ಸಂಗೀತ ಹಬ್ಬಿದರೆ ನಮ್ಮ ಕಡೆ ಮರಾಠಿ ನಾಟಕದ ಹಾಡು, ಅದರ ಬೆನ್ನಿಗೆ ಖಯಾಲು ಬಂದವು.

ಹಾಡು ಬಂತು, ಹಾಡುಗಾರರೂ ಬೆಳೆದರು. ಯಲ್ಲಾಪುರ ತಾಲೂಕಿನ ಹಾಸಣಗಿಯ ಪಂಡಿತ್ ಗಣಪತಿ ಭಟ್ಟರು ಧಾರವಾಡದಲ್ಲಿ ಬಸವರಾಜ ರಾಜಗುರು ಅವರ ಬಳಿ ಕಲಿತು ದೇಶವೇ ಬಲ್ಲ ಗಾಯಕರಾದರು. ಇಂದಿಗೂ ನಮ್ಮ ಮೂರೂ ತಾಲೂಕುಗಳಲ್ಲಿ ಭೂಪ, ಯಮನ್ ಕಲಿಯುವ ಮಕ್ಕಳಿಗೆ ಕೊರತೆಯಿಲ್ಲ. ಆದರೆ ಹಾಡುವವರ ಹೆಸರು ನೆನಪಿಟ್ಟ ನಾವು ತಂತಿ ಮೀಟಿ ಬದುಕಿದವರನ್ನು ಅಷ್ಟಾಗಿ ನೆನೆದಿಲ್ಲ. ಅವರ ಹೊಟ್ಟೆಪಾಡು ಹೇಗೆ ನಡೆಯಿತೆಂದು ಕೇಳಿದವರು ಇನ್ನೂ ಕಡಿಮೆ.

ಈ ಕತೆ ಶುರುವಾಗುವುದು ಧಾರವಾಡದಲ್ಲಿ. ಭಾವನಗರದ ಕಡೆಯಿಂದ ಬಂದ ಉಸ್ತಾದ್ ರಹಿಮತ್ ಖಾನರು 20ನೆಯ ಶತಮಾನದ ಎರಡನೆಯ ದಶಕದಲ್ಲಿ ಅಲ್ಲಿ ನೆಲೆಸಿದರು. ಅವರ ಗುರು ಬೀನ್ ವಾದನದ ದಂತಕತೆಯಾಗಿದ್ದ ಬಂದೇ ಅಲಿ ಖಾನ್. ಬೀನನ್ನು ಮಕ್ಕಳಿಗೆ, ಸಿತಾರನ್ನು ಶಾಗಿರ್ದರಿಗೆ ಕಲಿಸುವುದು ಹಳೆಯ ಬೀನ್‌ಕಾರರ ರೂಢಿಯಾಗಿತ್ತೆಂದು ಹೇಳುತ್ತಾರೆ. ವಿದ್ಯೆ ಆಸ್ತಿಯಾಗಿದ್ದ ಕಾಲ ಅದು. ಆಸ್ತಿಯನ್ನು ಹೊರಗಿನವರಿಗೆ ಯಾರು ಬರೆದುಕೊಟ್ಟಾರು? ರಹಿಮತ್ ಖಾನರ ಕೈಯಲ್ಲಿ ಬೀನಿನ ಆ ಗಂಭೀರ ಆಲಾಪ ಸಿತಾರಿಗೆ ಇಳಿಯಿತು. ಖರಜದ ದಪ್ಪ ತಂತಿಗಳನ್ನು ಸೇರಿಸಿ ಏಳು ತಂತಿಗಳ ಜೋಡಣೆಯನ್ನು ಹೊಸದಾಗಿ ಹೊಂದಿಸಿದ ಕೀರ್ತಿ ಅವರಿಗೆ ಸಲ್ಲುತ್ತದೆ. ಜನ ಅವರನ್ನು 'ಸಿತಾರ್ ರತ್ನ' ಎಂದೇ ಕರೆದರು.

ಅವರು ಆರಿಸಿಕೊಂಡ ಊರನ್ನು ಗಮನಿಸಬೇಕು. ಧಾರವಾಡದಲ್ಲಿ ಅರಮನೆಯಿರಲಿಲ್ಲ. ಅತ್ತ ಮೈಸೂರಿನಲ್ಲಿ ಬರ್ಕತುಲ್ಲಾ ಖಾನರಂಥ ಸಿತಾರ್ ವಾದಕರಿಗೆ ಆಸ್ಥಾನದ ಆಸರೆಯಿತ್ತು. ಧಾರವಾಡದಲ್ಲಿದ್ದವರು ಮಾಸ್ತರರು, ವಕೀಲರು, ಕಚೇರಿಯ ಗುಮಾಸ್ತರು. ಇಂಥ ಊರಿನಲ್ಲಿ ಕಲಾವಿದನೊಬ್ಬ ನಿಲ್ಲಬೇಕಾದರೆ ಕಲಿಸಬೇಕು. ಖಾನ್ ಸಾಹೇಬರು ಭಾರತೀಯ ಸಂಗೀತ ವಿದ್ಯಾಲಯವನ್ನು ತೆರೆದರು. ಮನೆತನದ ಆಸ್ತಿಯಾಗಿದ್ದ ವಿದ್ಯೆ ತಿಂಗಳ ಫೀಸು ಕೊಟ್ಟವರಿಗೆ, ಕೊಡಲಾಗದವರಿಗೂ, ಜಾತಿ ಮತ ಕೇಳದೆ ಸಿಗುವಂತಾದದ್ದು ಹೀಗೆ. 1954ರಲ್ಲಿ ಅವರು ತೀರಿಕೊಂಡಾಗ ಬಿಟ್ಟುಹೋದದ್ದು ಧಾರವಾಡದಲ್ಲಿ ಬೇರುಬಿಟ್ಟ ಒಂದು ಸಿತಾರ್ ಮನೆತನವನ್ನು.

ಇನ್ನು ನುಡಿಸುವ ಜಾಗ. ಯುರೋಪಿನಲ್ಲಿ ನಾಲ್ಕೈದು ಮಂದಿ ಪಿಟೀಲು, ಚೆಲ್ಲೋ ಹಿಡಿದು ಒಂದು ಕೋಣೆಯಲ್ಲಿ ಕೂತು ನುಡಿಸುವುದಕ್ಕೆ ಚೇಂಬರ್ ಮ್ಯೂಸಿಕ್ ಎನ್ನುತ್ತಾರೆ. ಅಲ್ಲಿಯೂ ಶ್ರೀಮಂತರ ದಿವಾನಖಾನೆ ಕೈಬಿಟ್ಟ ಮೇಲೆ ಅಂಥ ವಾದಕರಲ್ಲಿ ಹೆಚ್ಚಿನವರನ್ನು ಸಾಕಿದ್ದು ಸಂಗೀತ ಶಾಲೆಯ ಮೇಷ್ಟ್ರ ಕೆಲಸವೇ. ನಮ್ಮಲ್ಲಿ ಅದರ ಸೋದರಿಯೆಂದರೆ ಬೈಠಕ್. ಜಮಖಾನೆ ಹಾಸಿದ ನಡುಮನೆ, ಇಪ್ಪತ್ತು ಮೂವತ್ತು ಜನ, ಎಲೆಯಡಿಕೆಯ ತಟ್ಟೆ, ಮೈಕು ಇಲ್ಲ. ಸಿತಾರಿನ ತರಬ್ ತಂತಿಗಳು, ಅಂದರೆ ಬೆರಳು ಮುಟ್ಟದೆ ತಾವಾಗಿ ಮಿಡಿಯುವ ಆ ಸಣ್ಣ ತಂತಿಗಳು, ಅಂಥ ಕೋಣೆಯಲ್ಲಿ ಮಾತ್ರ ಸರಿಯಾಗಿ ಕೇಳುತ್ತವೆ. ನಮ್ಮ ಅಡಿಕೆ ಸೀಮೆಯ ಮನೆಗಳಿಗೆ ಇದಕ್ಕೆ ಬೇಕಾದ ಜಗಲಿಯೂ ಇತ್ತು, ರಾತ್ರಿಯಿಡೀ ಯಕ್ಷಗಾನ ಕೂತು ನೋಡುವ ತಾಳ್ಮೆಯೂ ಇತ್ತು. ಆದರೆ ಬೈಠಕ್ಕಿನಲ್ಲಿ ಸಿಗುತ್ತಿದ್ದದ್ದು ಒಂದು ಶಾಲು, ಬಸ್ಸಿನ ಖರ್ಚು, ಯಜಮಾನರ ಕೈಗೆ ಬಂದಷ್ಟು ಹಣ. ಅದರಿಂದ ಸಂಸಾರ ನಡೆಯದು.

ಸಂಸಾರ ನಡೆಸಿದ್ದು ರೇಡಿಯೋ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾಯಿತು. ನಿಲಯ ಕಲಾವಿದ ಎಂಬ ಹುದ್ದೆ ಬಂತು, ಅಂದರೆ ತಿಂಗಳ ಸಂಬಳ. ಅರಮನೆಯಿಲ್ಲದ ಊರಿಗೆ ಸರಕಾರವೇ ಒಂದು ಅರಮನೆ ಕಟ್ಟಿಕೊಟ್ಟಂತಾಯಿತು. ಇಲ್ಲೊಂದು ವಿಚಿತ್ರವಿದೆ. ವಿದೇಶಿ ವಾದ್ಯ, ನಮ್ಮ ಶ್ರುತಿ ಮೀಂಡಗಳಿಗೆ ಒಗ್ಗದು ಎಂಬ ಕಾರಣಕ್ಕೆ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತ್ತು. ಆ ನಿಷೇಧ ಸಡಿಲವಾದದ್ದು 1970ರ ದಶಕದ ಆರಂಭದಲ್ಲಿ. ಅಷ್ಟು ವರ್ಷ ಗಾಯಕರ ಬೆನ್ನಿಗೆ ಸಾರಂಗಿಯೋ ಪಿಟೀಲೋ ಬೇಕಿತ್ತು. ತವಾಯಫರ ಕೋಠಿಯ ವಾದ್ಯವೆಂದು ಮರ್ಯಾದಸ್ಥರು ಮೂಗು ಮುರಿಯುತ್ತಿದ್ದ ಸಾರಂಗಿಗೆ ಸರಕಾರಿ ಕುರ್ಚಿ ಸಿಕ್ಕಿದ ದಿನಗಳವು. ಸಾರಂಗಿಯವರು ಹೆಚ್ಚಾಗಿ ನಮ್ಮವರೇ, ಬಡ ಮುಸ್ಲಿಂ ಕುಟುಂಬಗಳವರು. ಅವರಿಗೆ ನೂರಾರು ಬಂದಿಶುಗಳು ಬಾಯಿಗೆ ಬರುತ್ತಿದ್ದವು, ಎಷ್ಟೋ ಗಾಯಕರಿಗೆ ಅವರು ಸದ್ದಿಲ್ಲದೆ ಪಾಠವನ್ನೂ ಹೇಳಿದ್ದರು. ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರೂ ಸಾರಂಗಿಯಿಂದಲೇ ಬಂದವರು. ಕಂಠಕ್ಕೆ ಹೊರಳಿದ ಮೇಲೆಯೇ ಅವರಿಗೆ ಲೋಕಪ್ರಸಿದ್ಧಿ ಬಂದದ್ದು. ಹಾರ್ಮೋನಿಯಂ ಮರಳಿ ಬಂದ ಮೇಲೆ ಸಾರಂಗಿ ಮತ್ತೆ ಮೂಲೆ ಸೇರಿತು. ಧಾರವಾಡ ಮೂಲದ ಫಯ್ಯಾಜ್ ಖಾನರಂಥವರು ಬೆಂಗಳೂರಿನಲ್ಲಿ ಅದನ್ನು ಉಳಿಸಿಕೊಂಡು ಬಂದರು, ಜೊತೆಗೆ ಹಾಡುವುದನ್ನೂ. ಶಿರಸಿ ಸೀಮೆಯಲ್ಲಿ ಸಾರಂಗಿ ಕಲಿಯಲು ಹೊರಟ ಒಬ್ಬ ಹುಡುಗನನ್ನೂ ನಾನು ಕಂಡಿಲ್ಲ.

ರಹಿಮತ್ ಖಾನರ ಮಗ ಅಬ್ದುಲ್ ಕರೀಮ್ ಖಾನ್ (ಕಿರಾಣಾದವರು ಬೇರೆ, ಇವರು ಬೇರೆ), ಅವರ ಮಗ ಉಸ್ತಾದ್ ಬಾಲೇಖಾನ್. 1942ರಲ್ಲಿ ಹುಟ್ಟಿದ ಬಾಲೇಖಾನರು ಧಾರವಾಡ ಆಕಾಶವಾಣಿಯ ಕಲಾವಿದರಾಗಿದ್ದರು. ನಮ್ಮ ಪಕ್ಕದ ಮನೆಯ ರೇಡಿಯೋದ ಝೇಂಕಾರ ಯಾರದೆಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಮೊದಲು ಗಾಯನ ಕಲಿತು ಆಮೇಲೆ ಸಿತಾರಿಗೆ ಬಂದವರಾದ್ದರಿಂದ ಅವರ ತಂತಿಯಲ್ಲಿ ಹಾಡಿನ ಉಸಿರಿತ್ತು. ಅವರಿಗೆ ಹಗಲು ರೇಡಿಯೋ, ಸಂಜೆ ಪಾಠ, ಕರೆದಾಗ ಕಛೇರಿ. ವಿದೇಶಗಳಲ್ಲೂ ನುಡಿಸಿ ಬಂದರು, ಆದರೆ ಧಾರವಾಡ ಬಿಡಲಿಲ್ಲ. 2007ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಮನೆತನದ ಉಳಿದವರು ಚದುರಿದರು: ಉಸ್ಮಾನ್ ಖಾನರು ಪುಣೆಗೆ, ಛೋಟೆ ರಹಿಮತ್ ಖಾನರು ಗೋವೆಗೆ, ರಫೀಕ್ ಖಾನರು ಮಂಗಳೂರು ಆಕಾಶವಾಣಿಗೆ. ಹಮೀದ್ ಖಾನರು ಧಾರವಾಡದಲ್ಲೇ ಕಲಿಸುತ್ತಾ ಉಳಿದರು.

ಹೊರಗಿನಿಂದ ಬಂದ ಮನೆತನ ಕನ್ನಡ ನಾಡಿನಲ್ಲಿ ಬೇರುಬಿಟ್ಟ ಬಗೆ ಇದು. ಇದಕ್ಕೆ ಎದುರುಮುಖದ ಪಯಣವೂ ಇದೆ. 1932ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಾಜೀವ ತಾರಾನಾಥರು ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಾಗಿದ್ದವರು. ಅಲಿ ಅಕ್ಬರ್ ಖಾನರ ಸರೋದ್ ಕೇಳಿ ಅವರ ಶಿಷ್ಯರಾಗಿ ಅದಕ್ಕೇ ಬದುಕು ಕೊಟ್ಟರು. ಗುರು ಅಮೆರಿಕದಲ್ಲಿ ಕಾಲೇಜು ಕಟ್ಟಿದರು. ಶಿಷ್ಯರೂ ಕ್ಯಾಲಿಫೋರ್ನಿಯಾದ ಕಲಾ ಸಂಸ್ಥೆಯೊಂದರಲ್ಲಿ ಕಲಿಸಿ, ಮೈಸೂರಿಗೆ ಮರಳಿ, ಕೊನೆಯವರೆಗೂ ಮನೆಗೆ ಬಂದವರಿಗೆ ಪಾಠ ಹೇಳುತ್ತಾ 2024ರ ಜೂನ್‌ನಲ್ಲಿ ತೀರಿಕೊಂಡರು. ಇಷ್ಟು ದೊಡ್ಡವರಿಗೂ ಊಟ ಹಾಕಿದ್ದು ಪಾಠವೇ.

ನಮ್ಮ ಮೊಹಲ್ಲಾದ ಮಾತನ್ನೂ ಹೇಳಬೇಕು. ಅಲ್ಲಿ ಸಿತಾರ್ ಎಂದರೆ ಹಿರಿಯರಿಗೆ ಸಣ್ಣ ಮುಜುಗರ. ಜಾಯಿಜೋ ನಾಜಾಯಿಜೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ, ಅದಕ್ಕೆ ಬಲ್ಲವರಿದ್ದಾರೆ. ಖಾನ್ ಸಾಹೇಬರ ವಿದ್ಯೆ ಜಗಲಿ ಮನೆಗಳಲ್ಲಿ ಉಳಿದು, ಅವರ ಹೆಸರು ಹೊತ್ತ ನಮ್ಮ ಹುಡುಗರಿಗೆ ಅಪರಿಚಿತವಾದದ್ದು ಮಾತ್ರ ನನ್ನನ್ನು ಕಾಡುತ್ತದೆ.

ಈಗ ನಮ್ಮ ಕಡೆ ಕಲಿಯುವವರಿಗೆ ಗಾಂಧರ್ವ ಮಂಡಳದ ಪರೀಕ್ಷೆಗಳಿವೆ. ಪಾಠ ಹೇಳುವವರಿಗೆ ಅವುಗಳಿಂದಲೇ ನಾಲ್ಕು ಕಾಸು. ಸಿತಾರ್ ಕಲಿಯುವವರು ಅಪರೂಪ. ಮಳೆಗಾಲದಲ್ಲಿ ಇಲ್ಲಿ ಮರ ಉಬ್ಬುತ್ತದೆ, ತಂತಿಗೆ ತುಕ್ಕು ಹಿಡಿಯುತ್ತದೆ, ಶ್ರುತಿ ನಿಲ್ಲುವುದಿಲ್ಲ. ತಂಬೂರಿಯ ಜಾಗಕ್ಕೆ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂತು, ಈಗ ಅದೂ ಮೊಬೈಲಿನೊಳಗೆ ಸೇರಿದೆ. ಮೀರಜದ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು.

ಬಸ್ಸಿನ ಆ ಹೆಗಡೆಯವರನ್ನು ಅಂದು ನಾನು ಕೇಳಿದ್ದೆ, ಇದನ್ನು ಎಲ್ಲಿಗೆ ಒಯ್ದಿದ್ದಿರಿ ಎಂದು. "ಮೀರಜಕ್ಕೇ, ಜವಾರಿ ತೆಗೆಸಲಿಕ್ಕೆ" ಎಂದರು. ವರ್ಷಗಟ್ಟಲೆ ತಂತಿ ಉಜ್ಜಿ ಕುದುರೆಯ ಮೇಲೆ ಗೆರೆ ಬಿದ್ದಾಗ ಅದನ್ನು ಅರದಿಂದ ನವಿರಾಗಿ ಸವರಬೇಕು, ಕೂದಲೆಳೆಯಷ್ಟು ತಪ್ಪಿದರೂ ನಾದ ಸಾಯುತ್ತದೆ. ನಮ್ಮ ಕಡೆ ಆ ಕೆಲಸ ಬಲ್ಲವರಿಲ್ಲ. ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ರೈಲು, ಹೋಗಿ ಬರಲು ಎರಡು ದಿನ. "ಆ ಸಾಹೇಬರ ಅಪ್ಪನ ಕೈಯಲ್ಲಿ ನನ್ನ ಅಪ್ಪ ಇದನ್ನು ಕೊಂಡಿದ್ದು" ಎಂದು ಹೇಳಿ, ಮಂಚಿಕೇರಿ ಕ್ರಾಸಿನಲ್ಲಿ ಇಳಿಯುವಾಗ ತಂಬೂರಿಯ ತಲೆಯ ಕಡೆ ಹಿಡಿದುಕೊಳ್ಳಲು ನನಗೆ ಹೇಳಿದರು. ಬುರುಡೆಯ ಕಡೆ ಅವರೇ ಹಿಡಿದಿದ್ದರು.